ಹೊಲಿದವಳ ಹೆಸರು

ಹೊಳೆನರಸೀಪುರದ ನಮ್ಮ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಒಂದು ಉಷಾ ಹೊಲಿಗೆಯಂತ್ರವಿತ್ತು. ಹೇಮಾವತಿಯಲ್ಲಿ ಈಜಿ ಬಂದ ಹುಡುಗರು ನಾವು, ಒದ್ದೆ ಕೈಯಲ್ಲಿ ಅದರ ಚಕ್ರ ತಿರುಗಿಸಲು ಹೋಗಿ ಬೈಸಿಕೊಳ್ಳುತ್ತಿದ್ದೆವು. ಪಕ್ಕದ ಗೋಡೆಯ ಮೊಳೆಗೆ ಒಂದು ನೋಟ್‌ಬುಕ್ಕು ತೂಗುತ್ತಿತ್ತು. ಬೀದಿಯ ಹೆಂಗಸರೆಲ್ಲರ ತೋಳು, ಕುತ್ತಿಗೆ, ಎದೆ, ಉದ್ದಗಳ ಅಳತೆ ಅದರಲ್ಲಿ ಅವರವರ ಹೆಸರಿನ ಮುಂದೆ ಬರೆದಿತ್ತು. ಆ ಪುಸ್ತಕದಲ್ಲಿ ಇಲ್ಲದ ಹೆಸರು ಒಂದೇ, ಅತ್ತೆಯದು. ಊರಿಗೆ ಆಕೆ ‘ರವಿಕೆ ಹೊಲಿಯೋ ಅಮ್ಮ’. ಆಕೆಯ ನಿಜವಾದ ಹೆಸರು ನನಗೆ ತಿಳಿದದ್ದೂ ವೈಕುಂಠ ಸಮಾರಾಧನೆಯ ಕಾಗದ ಅಚ್ಚಾಗಿ ಬಂದ ಮೇಲೆಯೇ.

ಪುಸ್ತಕಗಳ ಗುಣದೋಷಗಳನ್ನು ವಿವೇಚಿಸುವ ಪುಟದಲ್ಲಿ ರವಿಕೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಆದರೆ ಸಾಹಿತ್ಯದ ಕಣ್ಣು ಯಾವ ಕಸಬಿನ ಮೇಲೆ ಬಿದ್ದಿದೆ, ಯಾವುದರ ಮೇಲೆ ಬಿದ್ದಿಲ್ಲ ಎಂದು ವಿಚಾರಿಸುವುದೂ ವಿಮರ್ಶೆಯ ಕೆಲಸವೇ. ಹೆಣ್ಣಿನ ಸೆರಗು, ನೆರಿಗೆ, ಕುಪ್ಪಸಗಳನ್ನು ನಮ್ಮ ಕವಿಗಳು ಬಣ್ಣಿಸಿದ್ದಕ್ಕೆ ಲೆಕ್ಕವಿಲ್ಲ. ಆ ವರ್ಣನೆಗಳಲ್ಲಿ ಉಟ್ಟವಳಿದ್ದಾಳೆ, ನೋಡಿ ಮರುಳಾದವನೂ ಇದ್ದಾನೆ. ಹೊಲಿದವಳು ಮಾತ್ರ ಇಲ್ಲ. ಅಂಥ ವರ್ಣನೆಗಳನ್ನು ಮೆಚ್ಚಿ ಬರೆದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಆಕ್ಷೇಪಣೆ ನನಗೂ ಸಲ್ಲುತ್ತದೆ.

ಹಾಸನದ ಸೀಮೆ ಸಾಹಿತ್ಯದಲ್ಲಿ ಬಡವಲ್ಲ. ಅ.ನ.ಕೃ. ಅವರ ಹೆಸರಿನ ಮೊದಲಕ್ಷರವೇ ಅರಕಲಗೂಡು. ‘ಸಂಧ್ಯಾರಾಗ’ದಲ್ಲಿ ಅವರು ಗಾಯಕನ ಬಾಳನ್ನು ಬರೆದರು, ‘ಉದಯರಾಗ’ದಲ್ಲಿ ಚಿತ್ರಕಾರನದನ್ನು, ‘ನಟಸಾರ್ವಭೌಮ’ದಲ್ಲಿ ನಟನದನ್ನು. ಕಲಾವಿದನ ಕಷ್ಟಸುಖವನ್ನು ಕನ್ನಡದ ಸಾಮಾನ್ಯ ಓದುಗನ ಮನೆಗೆ ತಂದ ಉಪಕಾರ ಅವರದು. ಆದರೆ ಕಲೆಯೆಂದರೆ ಸಭೆಯಲ್ಲಿ ಮೆರೆಯತಕ್ಕದ್ದು ಎಂಬ ಭಾವನೆ ನಮ್ಮಲ್ಲಿ ಉಳಿದೇಬಿಟ್ಟಿತು. ಚಪ್ಪಟೆಯಾದ ಬಟ್ಟೆಯನ್ನು ಉಬ್ಬುತಗ್ಗಿನ ಮೈಗೆ ಒಗ್ಗಿಸುವುದೂ ಒಂದು ಕಲೆಯೆಂದು ಒಪ್ಪಲು ನಾವು ಇನ್ನೂ ಸಿದ್ಧರಾಗಿಲ್ಲ.

ಈ ಮಾತಿಗೆ ಹತ್ತಿರ ಬರುವ ಕೃತಿ ಚನ್ನರಾಯಪಟ್ಟಣ ತಾಲ್ಲೂಕಿನದು. ಸಂತೇಶಿವರದಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಬಂತು. ಅದರ ನಂಜಮ್ಮ ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ಶಾನುಭೋಗಿಕೆಯ ಲೆಕ್ಕ ಬರೆಯುವವಳೂ ಅವಳೇ. ಆದರೆ ಶಾನುಭೋಗ ಎನಿಸಿಕೊಳ್ಳುವವನು ಗಂಡ ಚೆನ್ನಿಗರಾಯ. ಕೆಲಸ ಒಬ್ಬಳದು, ಹೆಸರು ಇನ್ನೊಬ್ಬನದು. ನಂಜಮ್ಮನ ದುರಂತಕ್ಕೆ ಪ್ಲೇಗು, ಬಡತನ, ಅತ್ತೆಯ ಬಾಯಿ ಎಂದು ನಾವು ಕಾರಣಗಳನ್ನು ಪಟ್ಟಿಮಾಡುತ್ತೇವೆ. ನನಗೆ ಈಗ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರಿಗೆ ಜಾಗವಿಲ್ಲದ ಸಂಗತಿ.

ಈಚೆಗೆ ಹೊಳೆನರಸೀಪುರಕ್ಕೆ ಹೋಗಿದ್ದಾಗ ಅತ್ತೆಯ ಮೊಮ್ಮಗಳನ್ನು ಕಂಡೆ. ಯಂತ್ರ ಮೂಲೆ ಸೇರಿತ್ತು. ಅವಳು ಹಾಸನದಲ್ಲಿ ‘ಗಾರ್ಮೆಂಟ್ಸಿಗೆ’ ಹೋಗುತ್ತಾಳೆ. ಬೆಳಕು ಹರಿಯುವ ಮುನ್ನ ಬಸ್ಸು ಹಿಡಿದರೆ ಮನೆಗೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಏನು ಹೊಲಿಯುತ್ತೀ ಎಂದು ಕೇಳಿದೆ.

“ಕಾಲರ್ ಒಂದೇ ಮಾವ ನಂದು. ಇಡೀ ಅಂಗಿ ಹೊಲಿಯೋಕೆ ಬರುತ್ತೆ. ಅಲ್ಲಿ ಅದು ಯಾರಿಗೂ ಬೇಕಾಗಿಲ್ಲ.”

ಅಜ್ಜಿ ಒಬ್ಬಳೇ ಕೂತು ಇಡೀ ರವಿಕೆ ಹೊಲಿಯುತ್ತಿದ್ದಳಲ್ಲ ಎಂದು ನಾನು ಸ್ವಲ್ಪ ರಸಿಕತೆಯಿಂದಲೇ ಹೇಳಿದೆ. ಅವಳು ನಕ್ಕಳು. “ಅಜ್ಜೀಗೆ ಯಾರು ಪಿ.ಎಫ್. ಕೊಟ್ರು ಮಾವ?”

ನನ್ನಲ್ಲಿ ಉತ್ತರವಿರಲಿಲ್ಲ. ಪಡಸಾಲೆಯ ಹೊಲಿಗೆಯನ್ನು ಸ್ವರ್ಗವೆಂದೂ ಕಾರ್ಖಾನೆಯನ್ನು ನರಕವೆಂದೂ ಚಿತ್ರಿಸುವುದು ಬರೆಯುವವರಿಗೆ ಸುಲಭ. ಅತ್ತೆಯ ದುಡ್ಡು ದೀಪಾವಳಿಗೆ ಬಂದರೆ ಬಂತು, ಇಲ್ಲವಾದರೆ ಯುಗಾದಿಗೆ. ಈ ಹುಡುಗಿಗೆ ತಿಂಗಳ ಸಂಬಳವಿದೆ, ಭವಿಷ್ಯನಿಧಿಯಿದೆ, ಕಾಯಿಲೆಗೆ ಇ.ಎಸ್.ಐ. ಇದೆ. ಆ ಹಣದ ಬೆಲೆ ಏನೆಂಬುದು 2016ರ ಏಪ್ರಿಲ್‌ನಲ್ಲಿ ನಾಡಿಗೆ ತಿಳಿಯಿತು. ಭವಿಷ್ಯನಿಧಿ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಿತೆಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಏಪ್ರಿಲ್ 19ರಂದು ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ನಾನು ಓದಿದ ಯಾವ ಕಾದಂಬರಿಯಲ್ಲೂ ಆ ದಿನಗಳು ಇನ್ನೂ ಬಂದಿಲ್ಲ.

ಆದರೂ ಹುಡುಗಿಯ ಮೊದಲ ಮಾತು ನನ್ನನ್ನು ಬಿಡಲಿಲ್ಲ. ಕಾರ್ಖಾನೆಯಲ್ಲಿ ಒಂದು ಅಂಗಿಯನ್ನು ಹತ್ತಾರು ಕೆಲಸಗಳಾಗಿ ಒಡೆಯುತ್ತಾರೆ. ಒಬ್ಬಳಿಗೆ ಕಾಲರ್, ಒಬ್ಬಳಿಗೆ ತೋಳು, ಒಬ್ಬಳಿಗೆ ಜೇಬು. ಹತ್ತು ವರ್ಷ ಕಳೆದರೂ ಕಾಲರ್‌ನವಳು ಕಾಲರ್‌ನವಳೇ. ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಕತ್ತರಿಸುವ ವಿಭಾಗದಲ್ಲಿ ಸಾಮಾನ್ಯವಾಗಿ ಗಂಡಸರೇ; ಯಂತ್ರದ ಸಾಲಿನಲ್ಲಿ ಹೆಂಗಸರೇ. ಈ ಕಸಬಿನ ರಹಸ್ಯ ಸೂಜಿಗಿಂತ ಹೆಚ್ಚಾಗಿ ಕತ್ತರಿಯಲ್ಲಿದೆ. ಬಟ್ಟೆ ಎಲ್ಲಿ ತುಂಡಾಗಬೇಕೆಂದು ಬಲ್ಲವಳು ಅಂಗಡಿ ತೆರೆಯಬಲ್ಲಳು, ನಾಲ್ವರಿಗೆ ಕೆಲಸ ಕೊಡಬಲ್ಲಳು. ಚನ್ನರಾಯಪಟ್ಟಣದಲ್ಲೋ ಅರಕಲಗೂಡಿನಲ್ಲೋ ಒಬ್ಬಾಕೆ ಮದುವೆ ರವಿಕೆಗೆ ಆರಿ ಕೆಲಸ ಮಾಡಿ, ಸೆರಗಿಗೆ ಕುಚ್ಚು ಕಟ್ಟಿ, ಪಕ್ಕದ ಮನೆಯ ಹುಡುಗಿಗೆ ಹುಕ್ಕು ಹಚ್ಚುವುದನ್ನು ಕಲಿಸಿದರೆ, ಅವಕಾಶ ಎಂಬ ದೊಡ್ಡ ಮಾತಿಗೆ ಅಲ್ಲಿ ಅರ್ಥ ಬರುತ್ತದೆ.

ಈ ಪ್ರಶ್ನೆ ನಮ್ಮ ಜಿಲ್ಲೆಗೇ ಸೀಮಿತವಾದುದಲ್ಲ. ವೆನೆಜುವೆಲಾದ ಕ್ಯಾರೊಲಿನಾ ಹೆರೆರಾ 1981ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಹೆಸರಿನಲ್ಲೇ ಉಡುಪಿನ ಸಂಸ್ಥೆ ಕಟ್ಟಿದಳು. ಆಕೆ ಸಿರಿವಂತರ ಮನೆಯ ಮಗಳು. ಹೆಸರಿಗೆ ಮೊದಲೇ ತೂಕವಿತ್ತು. ನನಗೆ ಹೆಚ್ಚು ಹತ್ತಿರದವಳೆನಿಸುವುದು ಕ್ಯೂಬಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಹೊಲಿಗೆ ಕಲಿತು, ಅಮೆರಿಕಕ್ಕೆ ವಲಸೆ ಬಂದ ಇಸಬೆಲ್ ಟೊಲೆಡೊ. 2009ರಲ್ಲಿ ಒಬಾಮಾ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ದಿನ ಅವರ ಪತ್ನಿ ಮಿಶೆಲ್ ತೊಟ್ಟ ಉಡುಪು ಈಕೆಯ ಕೈಯದು. 2019ರಲ್ಲಿ ತೀರಿಕೊಂಡ ಈ ಹೆಣ್ಣುಮಗಳಿಗೆ ಫ್ಯಾಷನ್ ಡಿಸೈನರ್ ಎನ್ನಿಸಿಕೊಳ್ಳುವುದಕ್ಕಿಂತ ಹೊಲಿಗೆಯವಳು ಎನ್ನಿಸಿಕೊಳ್ಳುವುದೇ ಇಷ್ಟವಾಗಿತ್ತು. ಬಟ್ಟೆಯನ್ನು ಒಳಗಿನಿಂದ ಬಲ್ಲವಳ ಹೆಮ್ಮೆ ಅದು. ಆ ಹೆಮ್ಮೆ ಉಳಿಯಬೇಕಾದರೆ ಇಡೀ ಉಡುಪು ಕೈಯಲ್ಲಿರಬೇಕು, ಹೆಸರೂ ಜೊತೆಗಿರಬೇಕು.

ಕೆಲಸಕ್ಕೆ ಹೆಸರು ಸೇರಿಸುವುದು ನಮ್ಮ ನೆಲಕ್ಕೆ ಹೊಸತೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದವರು ಲಕ್ಷ್ಮೀನರಸಿಂಹ ದೇವಾಲಯದ ಗೋಡೆ ನೋಡಿರಬಹುದು. 1246ರ ಆ ಗುಡಿಯ ವಿಗ್ರಹಗಳಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳಿವೆ. ಮಲ್ಲಿತಮ್ಮ ಹೆಣ್ಣೆಂದು ಭ್ರಮಿಸಬಾರದು, ಆತನೂ ಗಂಡಸೇ. ಕಲ್ಲಿನಲ್ಲಿ ಒಡವೆ ವಸ್ತ್ರ ಕಡೆದವನ ಹೆಸರು ಏಳುನೂರು ವರ್ಷ ದಾಟಿ ಉಳಿದಿದೆ. ಹಾಸನದ ಹೆಂಗಸರು ಹೊಲಿದು ಹೊರದೇಶಕ್ಕೆ ಹೋಗುವ ಬಟ್ಟೆಯ ಪಟ್ಟಿಯಲ್ಲಿ ಕಂಪೆನಿಯ ಹೆಸರಿದೆ, ದೇಶದ ಹೆಸರಿದೆ, ಒಗೆಯುವ ಕ್ರಮವೂ ಇದೆ.

ಅದೇ ಹಾಸನದಿಂದ ಇನ್ನೊಂದು ಸರಕೂ ಕಡಲು ದಾಟಿತು. ಬಾನು ಮುಷ್ತಾಕರ ಕತೆಗಳು ‘ಹಾರ್ಟ್ ಲ್ಯಾಂಪ್’ ಎಂದು ಇಂಗ್ಲಿಷಿಗೆ ಹೋಗಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಪ್ರಶಸ್ತಿಯ ಹಣವನ್ನು ಬರೆದವರಿಗೂ ಅನುವಾದಿಸಿದ ದೀಪಾ ಭಾಸ್ತಿಯವರಿಗೂ ಸಮನಾಗಿ ಹಂಚಿದರು. ಬೇರೊಬ್ಬರ ಮಾತಿಗೆ ಬೇರೆ ನುಡಿಯ ಅಂಗಿ ತೊಡಿಸಿದವರ ಹೆಸರನ್ನು ಮರೆಯಬಾರದೆಂಬ ವಿವೇಕ ಪುಸ್ತಕದ ಲೋಕಕ್ಕೆ ತಡವಾಗಿಯಾದರೂ ಬಂದಿದೆ. ಬಟ್ಟೆಯ ಲೋಕಕ್ಕೂ ಅದು ಬರಬೇಕು. ಅದಕ್ಕೆ ಮೊದಲು ಕಸಬನ್ನು ಬಲ್ಲ ಲೇಖಕರು ಅದನ್ನು ಕನಿಕರವಿಲ್ಲದೆ, ಕಾಜ ಗುಂಡಿ ಸಮೇತ, ಬರೆಯಬೇಕು.

ಹೊರಡುವಾಗ ಹುಡುಗಿ ಅಜ್ಜಿಯ ನೋಟ್‌ಬುಕ್ಕನ್ನು ತಂದು ತೋರಿಸಿದಳು. ಭಾನುವಾರಗಳಲ್ಲಿ ಮನೆಯಲ್ಲೇ ರವಿಕೆ ಕತ್ತರಿಸುತ್ತಾಳಂತೆ. ಇನ್ನೆರಡು ವರ್ಷ ದುಡ್ಡು ಕೂಡಿಟ್ಟು ಪೇಟೆಬೀದಿಯಲ್ಲಿ ಮಳಿಗೆ ಹಿಡಿಯುವ ಆಸೆ.

“ಬೋರ್ಡಿಗೆ ಒಂದು ಒಳ್ಳೆ ಹೆಸರು ಹೇಳಿ ಮಾವ. ನೀವು ಬರೆಯೋರು.”

“ನಿನ್ನ ಹೆಸರನ್ನೇ ಬರೆಸು,” ಎಂದೆ.

“ನಂದಾ?” ಎಂದಳು, ಯಾವುದೋ ದುಬಾರಿ ಬಟ್ಟೆಯ ಬೆಲೆ ಕೇಳಿದವಳಂತೆ. ಅತ್ತೆಯ ಪುಸ್ತಕದ ಕೊನೆಯ ಹಾಳೆಗಳು ಇನ್ನೂ ಖಾಲಿ ಇದ್ದವು.