ಮೊದಲ ಗಂಟೆಯ ಕೀರ್ತಿ, ಮೊದಲ ವಾರದ ಉಪೇಕ್ಷೆ

ಹೃದಯಾಘಾತದ ಚಿಕಿತ್ಸೆಯನ್ನು ಕುರಿತು ನಮ್ಮಲ್ಲಿ ಕೇಳಿಬರುವ ಪ್ರಶಂಸೆಯೆಲ್ಲವೂ ಮೊದಲ ಗಂಟೆಗೇ ಸಲ್ಲುತ್ತಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆಯಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ದೊರಕಿಸಿದ್ದು ಮಹೋಪಕಾರವೇ ಸರಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ರೋಗಿಯನ್ನು ಹೊತ್ತು ಹುಬ್ಬಳ್ಳಿಯ ದಾರಿ ಹಿಡಿದವರು ಅದರ ಬೆಲೆಯನ್ನು ಬಲ್ಲರು. ಆದರೆ ನಿರ್ಜೀವವಾದ ಹೃದಯಸ್ನಾಯು ಮೆತ್ತಗಾಗಿ ಹರಿದುಹೋಗುವ ಅಪಾಯವು ಆ ಗಂಟೆಗೆ ಮುಗಿಯದೆ ಮೊದಲ ವಾರವನ್ನೆಲ್ಲ ವ್ಯಾಪಿಸಿರುತ್ತದೆ.

ಬಿಡುಗಡೆಯ ಕಾಗದಗಳಲ್ಲಿರುವ ಎಕೋ ವರದಿಯನ್ನೇ ಪರಿಶೀಲಿಸೋಣ. ಮೇಲೆ ಇ.ಎಫ್. (ಪ್ರತಿ ಬಡಿತದಲ್ಲಿ ಎಡ ಹೃತ್ಕುಕ್ಷಿಯು ಹೊರದೂಡುವ ರಕ್ತದ ಪಾಲು) ಎಂಬ ಶೇಕಡಾಂಕ, ಕೆಳಗೆ ‘ನೋ ಕ್ಲಾಟ್, ನೋ ಪಿ.ಇ.’ (ಹೆಪ್ಪಿಲ್ಲ, ಹೃದಯದ ಸುತ್ತ ದ್ರವವಿಲ್ಲ) ಎಂಬ ಸಿದ್ಧ ಸಾಲು. ಮನೆಯವರು ಅಂಕಿಯನ್ನು ಕೇಳಿ ನಿಟ್ಟುಸಿರುಬಿಡುತ್ತಾರೆ. ಆದರೆ ಕವಾಟವನ್ನು ಹಿಡಿದಿರುವ ಪ್ಯಾಪಿಲರಿ ಸ್ನಾಯು ಹರಿದಾಗ, ಎಡ ಹೃತ್ಕುಕ್ಷಿಯು ರಕ್ತವನ್ನು ಮಹಾಧಮನಿಗೆ ದೂಡುವ ಬದಲು ಹಿಂದಕ್ಕೆ ಹೃತ್ಕರ್ಣಕ್ಕೇ ಚೆಲ್ಲುತ್ತಿದ್ದರೂ, ಆ ಶೇಕಡಾಂಕವು ಸುಂದರವಾಗಿಯೇ ಉಳಿಯಬಲ್ಲುದು. ಎರಡು ಕೋಣೆಗಳ ಒತ್ತಡ ಬೇಗ ಸಮನಾಗುವುದರಿಂದ ಸ್ಟೆತೊಸ್ಕೋಪಿಗೆ ಮರ್ಮರವು ಕ್ಷೀಣವಾಗಿ ಕೇಳಬಹುದು, ಡಾಪ್ಲರಿನ ವರ್ಣಧಾರೆಯೂ ಕಿರಿದಾಗಿ ಕಾಣಬಹುದು.

‘ನೋ ಕ್ಲಾಟ್’ ಎಂಬುದಂತೂ ಇನ್ನೂ ದುರ್ಬಲವಾದ ಸಾಕ್ಷ್ಯ. ಹೆಪ್ಪು ಪ್ರಾಯಶಃ ಕಟ್ಟುವುದು ಹೃತ್ಕುಕ್ಷಿಯ ತುದಿಯಲ್ಲಿ, ಅದೂ ದಿನಗಳು ಉರುಳಿದ ಮೇಲೆ. ಪ್ರೋಬನ್ನು ಕೊಂಚ ಓರೆಯಾಗಿ ಹಿಡಿದರೆ ಆ ತುದಿಯೇ ಚಿತ್ರದಿಂದ ಮೊಟಕಾಗುತ್ತದೆ. ಮೊದಲ ದಿನ, ತುದಿಯನ್ನು ಕಾಣದೆ ಬರೆದ ‘ಇಲ್ಲ’ ಎಂಬ ಮಾತು ಎಂಟನೆಯ ದಿನಕ್ಕೆ ಹೇಗೆ ಹೊಣೆಯಾದೀತು?

ಇಲ್ಲಿ ಕೆಲವರು, ಎಂ.ಆರ್.ಐ. ಇಲ್ಲದೆ ಜಿಲ್ಲೆಯಲ್ಲಿ ಏನನ್ನೂ ನಿರ್ಣಯಿಸಲಾಗದೆಂದು ವಾದಿಸುತ್ತಾರೆ. ಹೆಪ್ಪನ್ನೂ ಗಾಯದ ವಿಸ್ತಾರವನ್ನೂ ಅದು ಹೆಚ್ಚು ಸ್ಪಷ್ಟವಾಗಿ ತೋರಿಸುವುದು ನಿಜ. ಆದರೆ ರಕ್ತದೊತ್ತಡ ಕುಸಿದು, ಉಸಿರಿಗೆ ಒದ್ದಾಡುತ್ತಿರುವವನನ್ನು ಆ ಸುರಂಗದಲ್ಲಿ ಮಲಗಿಸುವುದು ಸಾಧುವಲ್ಲ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹೆರ್ಟ್ಸ್ ಮೊದಲಿಟ್ಟ ಎಕೋ ಎಂಬ ಪ್ರತಿಧ್ವನಿಯ ವಿದ್ಯೆಯಾದರೋ ರೋಗಿಯ ಹಾಸಿಗೆಯ ಬಳಿಗೇ ಬರುತ್ತದೆ. ದುರ್ಲಭ ಯಂತ್ರದ ಹಂಬಲದಲ್ಲಿ ಕೈಯಲ್ಲಿರುವ ಯಂತ್ರವನ್ನು ಅರೆಮನಸ್ಸಿನಿಂದ ಬಳಸುವುದಕ್ಕೆ ನಾನು ಒಪ್ಪಲಾರೆ.

ಕೊಪ್ಪಳದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿಯುತ್ತಿರುವ ತರುಣರಲ್ಲಿ ನನ್ನ ವಿನಂತಿ ಇಷ್ಟೆ: ಆಘಾತದ ನಂತರ ಹೊಸ ಮರ್ಮರ ಕೇಳಿದರೆ, ಉಸಿರು ಹಠಾತ್ತನೆ ಕಟ್ಟಿದರೆ, ಒತ್ತಡ ಕುಸಿದರೆ, ಹಳೆಯ ವರದಿಯನ್ನು ನಂಬದೆ ಆ ಕ್ಷಣವೇ ಮತ್ತೆ ಎಕೋ ಮಾಡಿ, ತುದಿ ಕಾಣಿಸಿತೋ ಇಲ್ಲವೋ ಎಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.