ಉಳಿಯಲೋ, ಇಳಿಯಲೋ: ನ್ಯಾಯಾಧೀಶರ ಮೇಲೆ ಮತದಾರರ ತೀರ್ಪು

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಸುಪ್ರೀಂ ಕೋರ್ಟಿಗೆ ನೇಮಕಗೊಂಡ ನ್ಯಾಯಾಧೀಶರು ವರ್ಷ ಕಳೆದ ಮೇಲೆ ಬರುವ ಸಾರ್ವತ್ರಿಕ ಚುನಾವಣೆಯಲ್ಲಿ ಮತದಾರರ ಮುಂದೆ ನಿಲ್ಲಬೇಕು. ಎದುರಾಳಿ ಇರುವುದಿಲ್ಲ, ಪಕ್ಷದ ಗುರುತೂ ಇರುವುದಿಲ್ಲ. ಇವರನ್ನು ಉಳಿಸಿಕೊಳ್ಳಬೇಕೇ ಎಂಬುದೊಂದೇ ಪ್ರಶ್ನೆ. ಹೌದು ಎಂದವರು ಹೆಚ್ಚಿದ್ದರೆ ಮುಂದೆ 12 ವರ್ಷಗಳ ಅವಧಿ. ಇಲ್ಲವಾದರೆ ಪೀಠ ತೆರವು.

ಈ ಪದ್ಧತಿಯ ಹಿಂದೆ ಒಂದು ಕಥೆಯಿದೆ. 1832ರಲ್ಲಿ ಮಿಸಿಸಿಪ್ಪಿ ರಾಜ್ಯ ಎಲ್ಲ ನ್ಯಾಯಾಧೀಶರನ್ನೂ ಚುನಾವಣೆಯಿಂದಲೇ ಆರಿಸಲು ಹೊರಟಿತು. ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಗವರ್ನರುಗಳ ಮುಷ್ಟಿಯಿಂದ ಬಿಡಿಸಿಕೊಂಡ ಪೀಠಗಳು ಎಷ್ಟೋ ಕಡೆ ಪಕ್ಷದ ಧಣಿಗಳ ಕೈಗೆ ಬಿದ್ದವು. ಕ್ಯಾನ್ಸಸ್ ಸಿಟಿಯಲ್ಲಿ ಪೆಂಡರ್‌ಗಾಸ್ಟ್ ಎಂಬ ಅಂಥ ಧಣಿಯ ಕೂಟದ ದರ್ಬಾರು ಕಂಡು ಬೇಸತ್ತ ಮಿಸೌರಿಯ ಜನ 1940ರಲ್ಲಿ ಸಂವಿಧಾನವನ್ನೇ ತಿದ್ದಿದರು. ಒಬ್ಬ ನ್ಯಾಯಾಧೀಶ, ಮೂವರು ವಕೀಲರು, ವಕೀಲರಲ್ಲದ ಮೂವರು ಸೇರಿದ ಆಯೋಗ ಮೂರು ಹೆಸರು ಕೊಡುತ್ತದೆ. ಗವರ್ನರ್ ಒಂದನ್ನು ಆರಿಸುತ್ತಾರೆ.

ಈ ಏರ್ಪಾಡಿನಲ್ಲಿ ಮತದಾರರನ್ನು ಕೈಬಿಟ್ಟರೆ ಉಳಿಯುವುದು ವಕೀಲರೂ ಗವರ್ನರೂ ತಮ್ಮೊಳಗೆ ಮುಗಿಸಿಕೊಳ್ಳುವ ವ್ಯವಹಾರ. ಮಹಾಭಿಯೋಗವೇನೋ ಇದೆ, ಆದರೆ ಅದು ಲಂಚ, ದುರ್ನಡತೆಯಂಥ ದೊಡ್ಡ ತಪ್ಪಿಗೆ. ತೀರ್ಪನ್ನು ತಿಂಗಳುಗಟ್ಟಲೆ ಎಳೆಯುವವರು, ಕಕ್ಷಿದಾರರ ಮೇಲೆ ಹರಿಹಾಯುವವರು ಅದರ ಬಲೆಗೆ ಬೀಳುವುದಿಲ್ಲ. ಅಂಥವರನ್ನು ಇಳಿಸಲು ಜನರ ಕೈಯಲ್ಲಿರುವುದು ಈ ಮತವೊಂದೇ.

ಈ ಮತದ ದೊಡ್ಡ ಕುಂದು ಬಯಲಾದದ್ದು ಇದೇ ಪದ್ಧತಿಯಿರುವ ಅಯೋವಾ ರಾಜ್ಯದಲ್ಲಿ. ಸಲಿಂಗ ವಿವಾಹಕ್ಕಿದ್ದ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟಿನ ಏಳೂ ನ್ಯಾಯಮೂರ್ತಿಗಳು 2009ರಲ್ಲಿ ಒಮ್ಮತದಿಂದ ರದ್ದುಪಡಿಸಿದರು. ಮರುವರ್ಷ ಮುಖ್ಯ ನ್ಯಾಯಮೂರ್ತಿ ಮಾರ್ಷಾ ಟರ್ನಸ್, ಮೈಕೆಲ್ ಸ್ಟ್ರೈಟ್, ಡೇವಿಡ್ ಬೇಕರ್ ಅವರ ಸರದಿ ಬಂತು. ಹೊರರಾಜ್ಯದ ಸಂಘಟನೆಗಳು ಹಣ ಸುರಿದವು. ಪ್ರಚಾರಕ್ಕಿಳಿಯುವುದು ಪೀಠಕ್ಕೆ ತಕ್ಕದ್ದಲ್ಲವೆಂದು ಮೂವರೂ ಸುಮ್ಮನಿದ್ದರು, ಮೂವರೂ ಸೋತರು. ಆ ತೀರ್ಪನ್ನು ಬರೆದ ಮಾರ್ಕ್ ಕೇಡಿಯವರ ಸರದಿ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಸಿಟ್ಟು ಇಳಿದಿತ್ತು, ಅವರು ಉಳಿದರು. ಸಹಿ ಹಾಕಿದವರು ಮನೆಗೆ, ಬರೆದವರು ಪೀಠದಲ್ಲಿ! ಒಂದೇ ತೀರ್ಪಿಗೆ ಎರಡು ಫಲ ಬಂದದ್ದು ಕೇವಲ ಪಂಚಾಂಗದ ದೆಸೆಯಿಂದ.

ಇದನ್ನು ತೋರಿಸಿ ಮತವನ್ನೇ ಕಿತ್ತುಕೊಳ್ಳಬೇಕೆನ್ನುವವರ ವಾದ ಅವಸರದ್ದು. ಕೊರತೆ ಇದ್ದದ್ದು ಮತದಾರರಿಗೆ ಸಿಕ್ಕ ಮಾಹಿತಿಯಲ್ಲಿ: ಅಯೋವಾದ ಮತದಾರರ ಮುಂದಿದ್ದ ಮೌಲ್ಯಮಾಪನ ವಕೀಲರ ಸಂಘದ್ದು. ಅದರಲ್ಲಿ ಅಭಿಪ್ರಾಯ ಹೇಳಿದವರೂ ವಕೀಲರೇ. ಅಲಾಸ್ಕಾದ ನ್ಯಾಯಾಂಗ ಮಂಡಳಿ ವಕೀಲರ ಜೊತೆಗೆ ಪೊಲೀಸರು, ಜ್ಯೂರಿ ಸದಸ್ಯರು, ಕೋರ್ಟ್ ನೌಕರರನ್ನೂ ವಿಚಾರಿಸಿ ಪ್ರತಿ ನ್ಯಾಯಾಧೀಶರ ಬಗ್ಗೆ ಶಿಫಾರಸು ಮಾಡುತ್ತದೆ. ಆ ಶಿಫಾರಸು ಸರ್ಕಾರಿ ಚುನಾವಣಾ ಕೈಪಿಡಿಯಲ್ಲಿ ಅಚ್ಚಾಗಿ ಮನೆಮನೆಗೆ ತಲುಪುತ್ತದೆ. ಇದೂ ಪೂರ್ತಿ ರಕ್ಷಣೆಯಲ್ಲ: 2018ರಲ್ಲಿ ಮಂಡಳಿ ಉಳಿಸಿಕೊಳ್ಳಿ ಎಂದಿದ್ದ ನ್ಯಾಯಾಧೀಶರೊಬ್ಬರು, ಪ್ರಾಸಿಕ್ಯೂಟರ್ ಆರೋಪಿಯೊಡನೆ ಮಾಡಿಕೊಂಡ ರಾಜಿಯನ್ನು ಒಪ್ಪಿದ್ದಕ್ಕಾಗಿ ಜನರ ಕೋಪಕ್ಕೆ ಸಿಕ್ಕಿ ಸೋತರು. ಹಾಗಿದ್ದರೂ, ಈ ಪದ್ಧತಿ ಇರುವ ರಾಜ್ಯಗಳು ಅನುಸರಿಸಬಹುದಾದ ಮಾದರಿ ಅಲಾಸ್ಕಾದ್ದೇ.