ಮಾಡು, ಮಾಡಿಸು

ಮಕ್ಕಳ ಕೈಕೆಲಸದ ಪುಸ್ತಕಗಳನ್ನು ಸಾಮಾನ್ಯವಾಗಿ ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಮಳೆಗಾಲ, ಸಾಕುಪ್ರಾಣಿಗಳು, ದೀಪಾವಳಿ ಹೀಗೆ ಒಂದೊಂದು ವಿಷಯಕ್ಕೆ ನಾಲ್ಕಾರು ಚಟುವಟಿಕೆಗಳು, ಬೇಕಾಗುವ ಸಾಮಗ್ರಿಗಳ ಪಟ್ಟಿ, ಮಾಡುವ ವಿಧಾನ, ಕೊನೆಯಲ್ಲಿ ಸಿದ್ಧವಾದ ವಸ್ತುವಿನ ಚಿತ್ರ. ಅವುಗಳ ಚೌಕಟ್ಟು ಇಷ್ಟೇ. ಆದರೆ ಇವೂ ಭಾಷೆಯಲ್ಲೇ ಇವೆ, ಇವಕ್ಕೂ ಒಂದು ಧೋರಣೆ ಇದೆ. ಅದನ್ನು ಹಿಡಿಯಲು ನಾನು ಮೊದಲು ನೋಡುವುದು ಕ್ರಿಯಾಪದವನ್ನು.

‘ಮಾಡು’ ಎಂಬುದಕ್ಕೆ ‘ಇಸು’ ಸೇರಿದರೆ ‘ಮಾಡಿಸು’. ಕೆಲಸ ಒಬ್ಬರದು, ಇಚ್ಛೆ ಇನ್ನೊಬ್ಬರದು. ‘ಮಕ್ಕಳಿಂದ ಬಣ್ಣ ಹಚ್ಚಿಸಿ’, ‘ಮಕ್ಕಳಿಂದ ಹಾಡು ಹೇಳಿಸಿ’ ಎಂಬ ಬಗೆಯ ವಾಕ್ಯಗಳು ಈ ಪುಸ್ತಕಗಳ ದಿನಬಳಕೆಯ ಮಾತು. ಅವು ಮಾತಾಡುವುದು ತಾಯಿಯೊಂದಿಗೆ, ಅಜ್ಜಿಯೊಂದಿಗೆ, ಅಂಗನವಾಡಿಯ ಟೀಚರ್ ಜೊತೆ. ಮಗು ಬರುವುದು ತೃತೀಯಾ ವಿಭಕ್ತಿಯಲ್ಲಿ: ಕತ್ತರಿಯಿಂದ, ಕುಂಚದಿಂದ, ಮಕ್ಕಳಿಂದ. ಮೂರಕ್ಕೂ ಒಂದೇ ಪ್ರತ್ಯಯ. ವಾಕ್ಯದಲ್ಲಿ ಮಗು ಸಾಮಗ್ರಿಗಳ ಪಟ್ಟಿಗೆ ಸೇರಿಬಿಟ್ಟಿದೆ.

ಇದು ಬರೀ ವ್ಯಾಕರಣದ ಮಾತಲ್ಲ. ಕೊನೆಯ ಪುಟದ ಚಿತ್ರಕ್ಕೆ ಹೋಲಬೇಕೆಂಬ ಒತ್ತಡ ಬಂದಾಗ ದೊಡ್ಡವರ ಕೈ ತಾನಾಗಿ ಮುಂದೆ ಹೋಗುತ್ತದೆ. ಆನೆಯ ಕಿವಿ ಸರಿಯಾದ ಕಡೆ ಅಂಟುತ್ತದೆ, ಬಣ್ಣ ಗೆರೆ ದಾಟುವುದಿಲ್ಲ. ಗೋಡೆಯ ಮೇಲೆ ಇಪ್ಪತ್ತು ಆನೆಗಳು ಒಂದೇ ಥರ ನಿಲ್ಲುತ್ತವೆ. ಅವುಗಳಲ್ಲಿ ತನ್ನದು ಯಾವುದೆಂದು ಮಗುವಿಗೇ ಗೊತ್ತಾಗುವುದಿಲ್ಲ.

ಬೇರೆ ಥರದ ಬರವಣಿಗೆಯೂ ಇದೆ. 1972ರಲ್ಲಿ ಮಧ್ಯಪ್ರದೇಶದಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದ ನಂಟಿನಿಂದ ಬೆಳೆದ ಅರವಿಂದ ಗುಪ್ತಾ ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬ್ ಹಿಡಿದು ಆಟಿಕೆ ಮಾಡುವುದನ್ನು ಬರೆದರು. ಮೂರು ಕಡ್ಡಿ ಜೋಡಿಸಿದರೆ ತ್ರಿಕೋನ, ಒತ್ತಿದರೂ ಅಲುಗುವುದಿಲ್ಲ. ನಾಲ್ಕು ಜೋಡಿಸಿದರೆ ಚೌಕ. ಸ್ವಲ್ಪ ತಳ್ಳಿದರೂ ವಾಲಿಬಿಡುತ್ತದೆ. ಇಲ್ಲಿ ಪುಸ್ತಕ ಮುಗಿಯುವ ಜಾಗದಲ್ಲಿ ಮಗುವಿನ ಕೆಲಸ ಶುರುವಾಗುತ್ತದೆ. ಚೌಕ ಯಾಕೆ ವಾಲಿತು? ಅಡ್ಡಕ್ಕೆ ಇನ್ನೊಂದು ಕಡ್ಡಿ ಸಿಕ್ಕಿಸಿದರೆ ಏನಾಗುತ್ತದೆ? ವಾಲಿದ ಚೌಕ ಕೆಟ್ಟುಹೋದ ಕೆಲಸವಲ್ಲ, ಅದೇ ಪಾಠ.

ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಗಂತೂ ಪುಸ್ತಕವೇ ಬೇಕಾಗಿಲ್ಲ. ಮುಂಗಾರಿನ ಹೊತ್ತಿಗೆ ಮಣ್ಣು ತಂದು ನಾದಿ ಎತ್ತುಗಳನ್ನು ಮಾಡುತ್ತಾರೆ. ದೊಡ್ಡವರು ಪೂಜೆಗೆ ಮಾಡುತ್ತಿದ್ದರೆ ಪಕ್ಕದಲ್ಲಿ ಕೂತ ಮಗು ತನ್ನದೊಂದನ್ನು ಮಾಡಿಕೊಳ್ಳುತ್ತದೆ. ಗಮನಿಸಿ, ಕ್ರಿಯಾಪದ ಈಗ ‘ಮಾಡಿಸು’ ಅಲ್ಲ, ‘ಮಾಡಿಕೊಳ್ಳು’. ಕೆಲವು ಊರುಗಳಲ್ಲಿ ಮಕ್ಕಳು ಮರುದಿನ ಕುಂಟೆತ್ತನ್ನು ಹಿಡಿದು ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ಕಾಲು ಮುರಿದ ಎತ್ತಿಗೂ ಆಟದಲ್ಲಿ ಜಾಗವಿದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವಾದದ್ದೇ. ಮೂರು ವರ್ಷದ ಮಗುವಿನ ಕೈಗೆ ಹರಿತವಾದ ಕತ್ತರಿ ಕೊಡಲಾಗದು. ಇಪ್ಪತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಟೀಚರ್‌ಗೆ, ಕೆಲಸ ಮುಗಿಸಿ ಬಂದ ತಾಯಿಗೆ ಸಿದ್ಧ ಸೂಚನೆ ಬೇಕು. ‘ಮಗುವನ್ನು ಅದರ ಪಾಡಿಗೆ ಬಿಡಿ’ ಎನ್ನುವುದು ಉಪದೇಶವಾದೀತೇ ಹೊರತು ಸಹಾಯವಲ್ಲ. ಹಾಗಾಗಿ ‘ಇಸು’ ಪ್ರತ್ಯಯವನ್ನೇ ಹೊರಗಟ್ಟಿ ಎಂದು ನಾನು ಹೇಳುತ್ತಿಲ್ಲ. ಕತ್ತರಿಸುವುದು ದೊಡ್ಡವರ ಪಾಲಿಗಿರಲಿ, ಕಾಗದ ಯಾವ ಆಕಾರ ಪಡೆಯಬೇಕೆಂಬುದು ಮಗುವಿನ ಪಾಲಿಗೆ ಬರಲಿ. ಒಳ್ಳೆಯ ಪುಸ್ತಕ ಈ ಪಾಲು ಮಾಡುವುದನ್ನು ಬಲ್ಲದು.

ಮುಂದೆ ಇಂಥ ಪುಸ್ತಕ ಕೈಗೆ ಬಂದಾಗ ಕೊನೆಯ ಚಿತ್ರವನ್ನು ಬೆರಳಿನಿಂದ ಮುಚ್ಚಿ ಸೂಚನೆಗಳನ್ನಷ್ಟೇ ಓದಿ ನೋಡಿ. ಮಗು ತಾನೇ ತೀರ್ಮಾನಿಸಬೇಕಾದ ಒಂದು ಮಾತಾದರೂ ಅಲ್ಲಿ ಸಿಕ್ಕರೆ ಆ ಪುಸ್ತಕವನ್ನು ಮನೆಗೆ ತರಬಹುದು.